ಮಾನಸರೋವರದ ಕಪ್‌ಕೇಕು

ಕೈಲಾಸ ಮಾನಸರೋವರಕ್ಕೆ ಹೋಗಬೇಕೆಂದು ಜನ ವರ್ಷಗಟ್ಟಲೆ ದುಡ್ಡು ಕೂಡಿಡುತ್ತಾರೆ, ಡಾಕ್ಟರ ಸರ್ಟಿಫಿಕೇಟು ಮಾಡಿಸುತ್ತಾರೆ, ಉಣ್ಣೆಯ ಟೋಪಿ ಕೊಳ್ಳುತ್ತಾರೆ. ನವಿ ಮುಂಬಯಿಯ ಕಾಮೋಠೆಯವರಾದ ನಮಗೆ ಈ ರಗಳೆ ಯಾವುದೂ ಇಲ್ಲ. ಹಾರ್ಬರ್ ಲೈನಿನ ಪನವೇಲ್ ಲೋಕಲು ಖಾರ್ಘರ್ ದಾಟಿದ ಮೇಲೆ ನಿಲ್ಲುವುದೇ ಮಾನಸರೋವರದಲ್ಲಿ. ತೂಕಡಿಸಿ ಇಳಿಯದೆ ಹೋದರೆ ಮುಂದಿನದು ಖಾಂದೇಶ್ವರ. ಅಲ್ಲಿ ಸಾಕ್ಷಾತ್ ಶಿವನ ದೇವಸ್ಥಾನವೇ ಇದೆ. ತಿಂಗಳ ಪಾಸಿನಲ್ಲಿ ಎರಡೂ ಯಾತ್ರೆ ಸೇರಿಹೋಗಿವೆ. ಹಂಸಗಳು ಮಾತ್ರ ಕಾಣುವುದಿಲ್ಲ. ನೇರುಳ, ಸೀವುಡ್ಸ್ ಕಡೆಯ ಜೌಗಿಗೆ ಪ್ರತಿವರ್ಷ ಫ್ಲೆಮಿಂಗೊಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ ನಿಜ. ಆದರೆ ಅವು ಪುಣ್ಯಕ್ಕೆ ಲೋಕಲಿನಲ್ಲಿ ಬರುವುದಿಲ್ಲ.

ಲೋಕಲಿನಲ್ಲಿ ಬರುವವರು ನಾವು. ಸಿಎಸ್‌ಎಂಟಿಯಲ್ಲಿ ಹತ್ತಿ, ಗಂಟೆಗೂ ಮಿಕ್ಕಿ ಯಾರದೋ ಬ್ಯಾಗಿಗೆ ಮುಖವೊಡ್ಡಿ ನಿಂತು, ಇಳಿದು ಶೇರ್ ರಿಕ್ಷಾದ ಸಾಲಿಗೆ ಸೇರುವ ಹೊತ್ತಿಗೆ ಮಧ್ಯಾಹ್ನದ ಡಬ್ಬಿ ಎಂದೋ ಕರಗಿರುತ್ತದೆ; ರಾತ್ರಿಯ ಊಟಕ್ಕೆ ಕುಕ್ಕರು ಇನ್ನೂ ಒಲೆ ಏರಿರುವುದಿಲ್ಲ. ಮನುಷ್ಯನ ವಿವೇಕ ಅತ್ಯಂತ ದುರ್ಬಲವಾಗಿರುವ ಸಮಯ ಅದು. ನವಿ ಮುಂಬಯಿಯ ಬೇಕರಿಗಳೆಲ್ಲ ಈ ಹೊತ್ತನ್ನೇ ನಂಬಿ ಬದುಕಿವೆ ಎಂದು ನನ್ನ ಬಲವಾದ ಗುಮಾನಿ. ಏಳು ಗಂಟೆಗೆ ನಮ್ಮ ತಿರುವಿನ ಬೇಕರಿಯ ಮುಂದೆ ನಿಂತವರಲ್ಲಿ ಅರ್ಧ ಜನರ ಕೈಯಲ್ಲಿ ಮನೆಗೆ ತರಬೇಕಾದ ಬ್ರೆಡ್ಡಿನ ಪಟ್ಟಿ ಇರುತ್ತದೆ. ಬಾಯಲ್ಲಿ ಮನೆಗೆ ಹೇಳಬೇಕಾಗಿಲ್ಲದ ಪ್ಯಾಟಿಸ್ ಇರುತ್ತದೆ.

ಕಾಮೋಠೆಯ ವಿಳಾಸಗಳನ್ನು, ನವಿ ಮುಂಬಯಿಯನ್ನು ಕಟ್ಟಿದ ಸರಕಾರಿ ಸಂಸ್ಥೆ ಸಿಡ್ಕೋದವರು ಬಹಳ ಶಿಸ್ತಿನಿಂದ ಮಾಡಿದ್ದಾರೆ. ಸೆಕ್ಟರ್ ಇಷ್ಟು, ಪ್ಲಾಟ್ ಇಷ್ಟು. ಕೊರಿಯರಿನವರನ್ನು ಬಿಟ್ಟರೆ ಆ ಶಿಸ್ತನ್ನು ಯಾರೂ ಪಾಲಿಸುವುದಿಲ್ಲ. "ಅಯ್ಯಂಗಾರ್ ಕೇ ಬಾಜೂ ಮೇ" ಎಂದರೆ ರಿಕ್ಷಾ ಹೊರಡುತ್ತದೆ. ಸ್ವಲ್ಪ ದೂರ ಹೋದ ಮೇಲೆ ರಿಕ್ಷಾದವನು ಹಿಂತಿರುಗಿ "ಕೌನ್‌ಸಾ ಅಯ್ಯಂಗಾರ್?" ಎನ್ನುತ್ತಾನೆ. ನ್ಯಾಯವಾದ ಪ್ರಶ್ನೆ. ಪುಣೆಯಿಂದ ಪನವೇಲಿನವರೆಗೆ, ಅಲ್ಲಿಂದ ಡೊಂಬಿವಿಲಿ, ಕಲ್ಯಾಣದವರೆಗೆ ಬೆಂಗಳೂರು ಅಯ್ಯಂಗಾರರ ಬೋರ್ಡಿಲ್ಲದ ಪೇಟೆಯನ್ನು ಹುಡುಕುವುದು ಕಷ್ಟ. ನ್ಯೂ ಬೆಂಗಳೂರು ಅಯ್ಯಂಗಾರ್, ಶ್ರೀ ಬೆಂಗಳೂರು ಅಯ್ಯಂಗಾರ್, ಅದರ ಮುಂದೆ ಇಂಗ್ಲಿಷಿನ ಎರಡೋ ಮೂರೋ ಅಕ್ಷರ ಸೇರಿಸಿದ ಇನ್ನೊಂದು ಅಯ್ಯಂಗಾರ್. ಶ್ರೀವೈಷ್ಣವ ಸಂಪ್ರದಾಯ ಮಹಾರಾಷ್ಟ್ರದಲ್ಲಿ ಇಷ್ಟು ವೇಗವಾಗಿ ಹಬ್ಬಿದ್ದನ್ನು ರಾಮಾನುಜರು ಕಂಡಿದ್ದರೆ ಮೇಲುಕೋಟೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಒಳಗೆ ಹೋಗಿ ನೋಡಿದರೆ ಅಯ್ಯಂಗಾರರು ಯಾರೂ ಇಲ್ಲ. ನಮ್ಮ ಬೇಕರಿಯ ಯಜಮಾನರು ಹಾಸನ ಜಿಲ್ಲೆಯ ರೈತರ ಮನೆಯವರು. ಊರಿನಲ್ಲಿ ತೆಂಗು, ರಾಗಿ, ಒಂದಿಷ್ಟು ಆಲೂಗಡ್ಡೆ. ಮಾವನ ಬೇಕರಿಯಲ್ಲಿ ತಟ್ಟೆ ತೊಳೆದು, ಆಮೇಲೆ ಹಿಟ್ಟು ನಾದಿ, ಆಮೇಲೆ ಗಲ್ಲೆಯ ಹತ್ತಿರ ಬಂದವರು. ಈ ಕಡೆಯ ಅಯ್ಯಂಗಾರ್ ಬೇಕರಿಗಳಲ್ಲಿ ಬಹುಪಾಲು ಇದೇ ಕತೆ: ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯ ಒಬ್ಬ ಬರುತ್ತಾನೆ, ಅವನ ಹಿಂದೆ ಭಾವಮೈದ, ಭಾವಮೈದನ ಹಿಂದೆ ಅರ್ಧ ಊರು. ಅದೇ ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ಯರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ಶುರುಮಾಡಿದಾಗ, ಬ್ರೆಡ್ಡೆಂದರೆ ಜಾತಿ ಕೆಡುತ್ತದೆ ಎಂದು ಹೆದರುವ ಕಾಲ. ಅಯ್ಯಂಗಾರರೇ ಮಾಡಿದ್ದು, ಮೊಟ್ಟೆ ಹಾಕಿಲ್ಲ ಎಂಬ ಭರವಸೆಯ ಮೇಲೆ ಮಡಿವಂತರ ಮನೆಯೊಳಕ್ಕೆ ಬನ್ನು ನುಸುಳಿತು. ಮಾಡುವವರ ಜಾತಿ ಈಗ ಬದಲಾಗಿದೆ, ಭರವಸೆ ಹಾಗೇ ಉಳಿದಿದೆ. ಬೋರ್ಡಿನಲ್ಲಿ ಗೌಡರ ಬೇಕರಿ ಎಂದು ಬರೆಸಬಾರದೇ ಎಂದು ಒಮ್ಮೆ ಕೇಳಿದೆ. "ಗೌಡ್ರು ಕೇಕ್ ಮಾಡ್ತಾರೆ ಅಂದ್ರೆ ಯಾರ್ ಸಾರ್ ನಂಬ್ತಾರೆ?" ಎಂದು ನನ್ನನ್ನೇ ಕೇಳಿದರು.

ಮುಂಬಯಿಯ ಕನ್ನಡಿಗರೆಂದರೆ ಹೊಟೇಲಿನವರು ಎಂದು ನಮ್ಮ ಕರಾವಳಿಯವರು ಬಹುಕಾಲ ಜಂಬಪಟ್ಟುಕೊಂಡಿದ್ದೆವು. ಅದಕ್ಕೆ ಕಾರಣವೂ ಇತ್ತು. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆಗೆ ಇವತ್ತಿಗೂ ಜನ ಸಾಲು ನಿಲ್ಲುತ್ತಾರೆ. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ಹುಡುಗರು ಬ್ಯಾಂಕಿಗೆ, ಕೋರ್ಟಿಗೆ, ವಿಶ್ವವಿದ್ಯಾಲಯಕ್ಕೆ ಹೋಗಿದ್ದಾರೆ. ಇಡ್ಲಿಯ ವಿಷಯದಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂದು ಮೈಮರೆತಿದ್ದಾಗ ಹಳೆ ಮೈಸೂರಿನವರು ಸದ್ದಿಲ್ಲದೆ ಬಂದು ಊರಿನ ಸಂಜೆಯ ಹೊತ್ತನ್ನು ಕೊಂಡುಕೊಂಡರು. ನಮ್ಮ ಬೇಕರಿಯ ಕೌಂಟರಿನಲ್ಲಿ ಈಗ ಮೂರು ಕನ್ನಡ ಸೇರುತ್ತವೆ. ಯಜಮಾನರದು "ಏನ್ ಸಾರ್, ಆರಾಮಾ?" ಎಂಬ ಹಾಸನದ ಕನ್ನಡ. ನನ್ನದು "ಎಂತ ಮಾರಾಯ್ರೆ, ಬಿಸಿ ಉಂಟಾ?" ಎಂಬ ಕರಾವಳಿಯ ಕನ್ನಡ. ಬೆಳಿಗ್ಗೆ ಬಂದರೆ ಮೂರನೆಯದು ಕಿವಿಗೆ ಬೀಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರು ನಾಕಾದಲ್ಲಿ ಕೂಲಿಗೆ ಕಾಯುವ ಮುನ್ನ "ಎರಡ ಟೋಸ್ಟ್ ಕೊಡ್ರೀ ಅಣ್ಣಾರ" ಎಂದು ಚಹದ ಲೋಟ ಹಿಡಿದು ನಿಂತಿರುತ್ತಾರೆ. ನಾವು ಗ್ಯಾಲರಿಯೆನ್ನುವ ಬಾಲ್ಕನಿಗಳನ್ನೆಲ್ಲ ಕಟ್ಟಿದವರು ಅವರೇ. ಕನ್ನಡ ಸಂಘದ ಸಭೆಯಲ್ಲಿ ಈ ಮೂವರೂ ಒಟ್ಟಿಗೆ ಕೂತದ್ದನ್ನು ನಾನು ಕಂಡಿಲ್ಲ.

ಇಂಥ ಬೇಕರಿಯ ಗಾಜಿನ ಪೆಟ್ಟಿಗೆಗೆ ಕಪ್‌ಕೇಕು ಬಂದದ್ದು ಈಚೆಗೆ. ಖಾರಾ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ತಲೆಯ ಮೇಲೆ ಜಾಮು ಸವರಿ ಕೊಬ್ಬರಿತುರಿ ಉದುರಿಸಿಕೊಂಡ ಹನಿ ಕೇಕು, ಇವರೆಲ್ಲ ತಲೆಮಾರುಗಳಿಂದ ಇದ್ದ ಮೂಲ ನಿವಾಸಿಗಳು. ಅವರ ನಡುವೆ ಒಂದು ದಿನ ಕಾಗದದ ಚಡ್ಡಿ ತೊಟ್ಟು, ನೇರಳೆ ಬಣ್ಣದ ಕ್ರೀಮು ಹೊತ್ತ ಪುಟ್ಟ ಕೇಕುಗಳು ಸಾಲಾಗಿ ನಿಂತಿದ್ದವು. ಯಕ್ಷಗಾನದಲ್ಲಿ ಬಾಲಗೋಪಾಲರ ತಲೆಗೆ ಬಣ್ಣದ ವೇಷದ ಕಿರೀಟ ಕಟ್ಟಿ ಕುಣಿಸಿದರೆ ಹೇಗೋ ಹಾಗೆ, ಮೋರೆಗಿಂತ ಮುಡಿಯೇ ದೊಡ್ಡದು. ಬೆಲೆ ಹನಿ ಕೇಕಿನ ಎರಡರಷ್ಟು. ವಾರದೊಳಗೆ ಸೆಕ್ಟರಿನ ಮಕ್ಕಳೆಲ್ಲ ಮತಾಂತರಗೊಂಡರು.

ಕಪ್‌ಕೇಕಿನ ಮೂಲ ಅಮೆರಿಕದ್ದು. ಚಿಕ್ಕ ಬಟ್ಟಲುಗಳಲ್ಲಿ ಬೇಯಿಸುವ ಕೇಕಿನ ವಿಧಾನ 1796ರ ಅಮೆಲಿಯಾ ಸಿಮನ್ಸಳ ಅಡುಗೆ ಪುಸ್ತಕದಲ್ಲೇ ಇದೆ. ಮನೆಯ ಒಲೆಯಲ್ಲಿ ದೊಡ್ಡ ಕೇಕು ಬೇಯಲು ಕಾಯುವಷ್ಟು ಪುರುಸೊತ್ತಿಲ್ಲದ ಗೃಹಿಣಿಯರ ಉಪಾಯ ಅದು. ಅದಕ್ಕೆ ಫ್ಯಾಷನ್ನಿನ ಪಟ್ಟ ಕಟ್ಟಿದ್ದು ನ್ಯೂಯಾರ್ಕಿನ ಬ್ಲೀಕರ್ ಬೀದಿಯಲ್ಲಿ 1996ರಲ್ಲಿ ತೆರೆದ ಮ್ಯಾಗ್ನೋಲಿಯಾ ಬೇಕರಿ. 2000ದಲ್ಲಿ ಸೆಕ್ಸ್ ಅಂಡ್ ದಿ ಸಿಟಿ ಧಾರಾವಾಹಿಯ ನಾಯಕಿ ಆ ಅಂಗಡಿಯ ಹೊರಗೆ ಕೂತು ಒಂದು ಕಪ್‌ಕೇಕು ಕಚ್ಚಿದ್ದೇ ತಡ, ಬೀದಿ ಸುತ್ತಿ ಸಾಲು ನಿಂತಿತು. ಅದೇ ಮ್ಯಾಗ್ನೋಲಿಯಾ 2019ರಲ್ಲಿ ಬೆಂಗಳೂರಿನ ಇಂದಿರಾನಗರಕ್ಕೂ ಬಂತು. ಕಾಮೋಠೆಗೆ ಮಾತ್ರ ಅದು ಮ್ಯಾನ್‌ಹಟನ್ನಿನಿಂದ ನೇರವಾಗಿ ಬರಲಿಲ್ಲ. ಹಾಸನದ ಹುಡುಗನೊಬ್ಬ ಯೂಟ್ಯೂಬಿನಲ್ಲಿ ನೋಡಿ ಕಲಿತದ್ದು.

ಮುಂಬಯಿಯ ಹಳಬರು ಇದನ್ನೆಲ್ಲ ಕೇಳಿ ಮೂಗು ಮುರಿಯುತ್ತಾರೆ. ಅವರ ಕಪ್‌ಕೇಕು ಮಾವಾ ಕೇಕು. ಗ್ರಾಂಟ್ ರೋಡ್ ಸ್ಟೇಷನ್ನಿನ ಎದುರು 1914ರಲ್ಲಿ ಶುರುವಾದ ಬಿ. ಮೆರ್ವಾನ್ ಇರಾನಿ ಹೊಟೇಲಿನ ಮಾವಾ ಕೇಕಿಗೆ ಜನ ಬೆಳಗಿನ ಜಾವದ ಲೋಕಲು ಹಿಡಿದು ಹೋಗುತ್ತಿದ್ದರು. ಬಿಸಿಲೇರುವ ಮೊದಲೇ ತಟ್ಟೆ ಖಾಲಿ. ಕಾಗದದ ಬಟ್ಟಲು ಅದಕ್ಕೂ ಇತ್ತು, ಕಿರೀಟ ಇರಲಿಲ್ಲ. ಖೋವಾದ ಜಿಡ್ಡು, ಏಲಕ್ಕಿಯ ಘಮ, ಪಕ್ಕದಲ್ಲಿ ಪಾನಿ ಕಮ್ ಚಹ. ಕಪ್‌ಕೇಕೆಂಬ ಹೆಸರನ್ನೇ ಕೇಳದೆ ಈ ಊರು ಶತಮಾನ ಕಾಲ ಕಪ್‌ಕೇಕು ತಿಂದಿದೆ. ಆ ಮಾವಾ ಕೇಕಿನಲ್ಲಿ ಮೊಟ್ಟೆ ಇತ್ತು ಎಂಬುದೊಂದೇ ನಮ್ಮ ಬೇಕರಿಯವರಿಗೆ ಅದರ ಮೇಲಿರುವ ತಕರಾರು.

ಮೊಟ್ಟೆಯ ಪ್ರಶ್ನೆ ಕಾಮೋಠೆಯಲ್ಲಿ ಧರ್ಮಸೂಕ್ಷ್ಮಕ್ಕಿಂತ ಹೆಚ್ಚಾಗಿ ಪಂಚಾಂಗದ ವಿಷಯ. ಜೈನರಿಗೆ, ಮಾರವಾಡಿಗಳಿಗೆ ಯಾವಾಗಲೂ ಬೇಡ. ನನ್ನ ಮಹಡಿಯ ಮರಾಠಿ ಕುಟುಂಬಕ್ಕೆ ಬುಧವಾರ, ಶುಕ್ರವಾರ, ಭಾನುವಾರ ಓಡುತ್ತದೆ. ಸೋಮವಾರ ಶಂಕರನದು, ಮಂಗಳವಾರ ಗಣಪತಿಯದು, ಗುರುವಾರ ದತ್ತನದು ಮತ್ತು ಸಾಯಿಬಾಬಾನದು, ಶನಿವಾರ ಮಾರುತಿಯದು. ನಡುವೆ ಸಂಕಷ್ಟಿ ಬಂದರೆ ಶುಕ್ರವಾರವೂ ಹೋಯಿತು. ಮೂರನೇ ಮಹಡಿಯ ಮಲಯಾಳಿಗಳಿಗೆ ಯಾವ ದಿನವಾದರೂ ಸರಿ, ಮೊಟ್ಟೆ ಇಲ್ಲದಿದ್ದರೆ ಅದು ಕೇಕೇ ಅಲ್ಲ. ಬಂಗಾಳಿ ದಂಪತಿ ಮೊಟ್ಟೆಯನ್ನು ತರಕಾರಿಯೆಂದೇ ಭಾವಿಸಿದ್ದಾರೆ. ಹುಟ್ಟುಹಬ್ಬಕ್ಕೆ ಮಾತ್ರ ವಾರದ ಲೆಕ್ಕ ಗೊತ್ತಿಲ್ಲ, ಅದು ಬೇಕೆಂದಾಗ ಬರುತ್ತದೆ. ಶ್ರಾವಣದಲ್ಲಿ ಹುಟ್ಟಿದ ಮಕ್ಕಳ ತಾಯಂದಿರು ಕೌಂಟರಿಗೆ ಬಂದು ದನಿ ತಗ್ಗಿಸಿ "ಅಂಡಂ ನಾಹೀ ನಾ?" ಎಂದು ಕೇಳುವುದನ್ನು ನೋಡಬೇಕು. ಯಜಮಾನರು ತಲೆಯೆತ್ತದೆ ಬೋರ್ಡಿನ ಕಡೆ ಬೆರಳು ತೋರಿಸುತ್ತಾರೆ. ಚಿಕ್ಕಪೇಟೆಯ ಮಡಿ ಇಲ್ಲಿ ಹೀಗೆ ವ್ಯಾಪಾರದ ಬಂಡವಾಳವಾಗಿದೆ.

ಮೊಟ್ಟೆ ಬಿಟ್ಟರೆ ಕೇಕಿಗೆ ಆಗುವ ತೊಂದರೆಯನ್ನು ಬೇಕರಿಯ ಮಾಸ್ಟರು ನನಗೆ ಒಂದು ಮಧ್ಯಾಹ್ನ ಬಿಡಿಸಿ ಹೇಳಿದರು. ಮೊಟ್ಟೆ ಗಾಳಿಯನ್ನು ಹಿಡಿದಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ, ಬೆಂದ ಮೇಲೆ ಗಟ್ಟಿಯಾಗಿ ಎಲ್ಲವನ್ನೂ ಕಟ್ಟಿ ನಿಲ್ಲಿಸುತ್ತದೆ. ಅದರ ಬದಲು ಮೊಸರು ಮತ್ತು ಅಡುಗೆ ಸೋಡಾ ಹಾಕಿದರೆ ಹುಳಿ ತಾಗಿದ ಕೂಡಲೇ ಗುಳ್ಳೆಗಳೇಳುತ್ತವೆ. ಉಬ್ಬುವ ಕೆಲಸ ಆಯಿತು. ಆದರೆ ಆ ಗುಳ್ಳೆಗಳು ಕಾಯುವುದಿಲ್ಲ, ಕಲಸಿದವನು ಫೋನಿಗೆ ಹಲೋ ಅನ್ನುವಷ್ಟರಲ್ಲಿ ಹೊರಟುಹೋಗುತ್ತವೆ. ಕಟ್ಟಿ ಹಿಡಿಯುವ ಕೆಲಸಕ್ಕಂತೂ ಸರಿಯಾದ ಬದಲಿ ಆಳು ಸಿಕ್ಕಿಲ್ಲ. ಕಂಡೆನ್ಸ್ಡ್ ಹಾಲು ಮೆತ್ತಗಿಡುತ್ತದೆ, ಬಣ್ಣ ಕೊಡುತ್ತದೆ, ಅಷ್ಟೇ. ಹಾಗಾಗಿ ಮೊಟ್ಟೆಯಿಲ್ಲದ ದೊಡ್ಡ ಕೇಕು ನಡುವೆ ಕುಸಿಯುತ್ತದೆ, ಚಾಕು ಹಾಕಿದರೆ ಪುಡಿಯಾಗುತ್ತದೆ. ಅದನ್ನೇ ಸಣ್ಣ ಬಟ್ಟಲಿಗೆ ಹಾಕಿ ನೋಡಿ: ಸುತ್ತಲಿಂದ ಬಿಸಿ ಹತ್ತಿ ಇಪ್ಪತ್ತು ನಿಮಿಷದೊಳಗೆ ಬೇಯುತ್ತದೆ, ಕುಸಿಯಲು ನಡು ಎಂಬುದೇ ಇರುವುದಿಲ್ಲ, ಚಾಕುವಿನ ಪ್ರಶ್ನೆಯೂ ಇಲ್ಲ. ಚಿಕ್ಕಪೇಟೆಯ ಅಯ್ಯಂಗಾರರು ನೂರಿಪ್ಪತ್ತು ವರ್ಷ ಹುಡುಕುತ್ತಿದ್ದ ವರ ಅಮೆರಿಕದಲ್ಲಿ ಸಿಕ್ಕಿದ ಎಂದು ನಾನು ಹೇಳಿದೆ. ಮಾಸ್ಟರು ಒಲೆಯ ಬಾಗಿಲು ತೆಗೆದು, "ಸಾರ್, ಸ್ವಲ್ಪ ಆ ಕಡೆ ನಿಂತ್ಕೊಳಿ, ಬಿಸಿ" ಎಂದರು.

ಚಾಕು ಬೇಡವೆಂಬುದು ಈ ಭಾಗದಲ್ಲಿ ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಹುಟ್ಟುಹಬ್ಬಗಳು ಎರಡು ಥರ. ಒಂದು ಮಕ್ಕಳದು, ಸೊಸೈಟಿಯ ಟೆರೇಸಿನಲ್ಲಿ. ಇನ್ನೊಂದು ಗಲ್ಲಿಯ ಪುಢಾರಿಗಳಾದ ಭಾವೂಗಳದು, ಚೌಕದಲ್ಲಿ. ಎರಡನೆಯದಕ್ಕೆ ಎಂಟು ದಿನ ಮೊದಲೇ ಫ್ಲೆಕ್ಸ್ ಏರುತ್ತದೆ. ಭಾವೂ ಕಪ್ಪು ಕನ್ನಡಕ ಹಾಕಿ ಮೊಬೈಲಿನಲ್ಲಿ ಮಾತಾಡುತ್ತಿರುತ್ತಾನೆ, ಕೆಳಗೆ ಶುಭೇಚ್ಛುಕರ ಪಾಸ್‌ಪೋರ್ಟ್ ಫೋಟೋಗಳು. ರಾತ್ರಿ ಹನ್ನೆರಡಕ್ಕೆ ಬೈಕಿನ ಸೀಟಿನ ಮೇಲೆ ಕೇಕುಗಳನ್ನು ಸಾಲಾಗಿ ಇಟ್ಟು ತಲವಾರಿನಲ್ಲಿ ಕತ್ತರಿಸುವುದು ಮಹಾರಾಷ್ಟ್ರದಲ್ಲಿ ಒಂದು ವ್ರತವೇ ಆಗಿಹೋಗಿದೆ. ವಿಡಿಯೊ ಹರಿದಾಡಿ, ಪೊಲೀಸರು ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಕೇಸು ಜಡಿದು, ಮರುದಿನ ಅದೇ ಭಾವೂ ತಲೆ ತಗ್ಗಿಸಿದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಪುಣೆ, ಠಾಣೆ, ಕಲ್ಯಾಣ ಎಲ್ಲ ಕಡೆಯಿಂದಲೂ ಇಂಥ ಸುದ್ದಿ ಓದಿದ್ದೇವೆ. ಕಪ್‌ಕೇಕಿಗೆ ತಲವಾರು ಬೀಸಿ ಯಾರೂ ದೊಡ್ಡವರಾಗಲಾರರು. ಗೃಹ ಇಲಾಖೆ ಇದನ್ನು ಗಮನಿಸಬೇಕು.

ಟೆರೇಸಿನ ಹುಟ್ಟುಹಬ್ಬದಲ್ಲಿ ಕಪ್‌ಕೇಕು ಇನ್ನೊಂದು ಜಗಳವನ್ನು ನಿಲ್ಲಿಸಿದೆ. ಮೊದಲು ಕೇಕು ಕತ್ತರಿಸಿದರೆ ಗುಲಾಬಿ ಹೂ ಯಾರಿಗೆ, ಬರೆದ ಹೆಸರಿನ ಮೊದಲಕ್ಷರ ಯಾರಿಗೆ ಎಂದು ಮಕ್ಕಳು ಅಳುತ್ತಿದ್ದವು. ಅಂಚಿನ ತುಂಡು ಸಿಕ್ಕ ಅತ್ತೆ ವರ್ಷವಿಡೀ ನೆನಪಿಡುತ್ತಿದ್ದರು. ಈಗ ಎಲ್ಲರಿಗೂ ಒಂದೊಂದು, ಅಳತೆ ಒಂದೇ, ಕಿರೀಟ ಒಂದೇ. ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟುಗಳ ಊರಿಗೆ ಹೇಳಿ ಮಾಡಿಸಿದ ಸಮಾನತೆ. ಆದರೆ ಪಾಲು ಹಂಚುವ ಅಜ್ಜಿಗೆ ಕೆಲಸವಿಲ್ಲದಾಯಿತು. ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ ಎಂದು ಕಣ್ಣಳತೆಯಲ್ಲೇ ಮನೆತನವನ್ನು ಆಳಿದವರು ಅವರು. ಟ್ರೇ ಹಿಡಿದು ಸುತ್ತುವುದಕ್ಕೆ ಅಜ್ಜಿಯೇ ಬೇಕೆಂದಿಲ್ಲ.

ಇನ್ನು ತಿನ್ನುವುದು ಹೇಗೆ ಎಂಬ ಪ್ರಶ್ನೆ. ಕನ್ನಡಿಗರ ಬಾಯಿ ಇಡ್ಲಿಯ ಎತ್ತರಕ್ಕೆ ಪಳಗಿದ್ದು. ಕಪ್‌ಕೇಕು ಬಾಯಿಗಿಂತ ಎತ್ತರ. ಮೇಲಿಂದ ಕಚ್ಚಿದರೆ ಕ್ರೀಮು ಮೂಗಿಗೆ. ಪಕ್ಕದಿಂದ ಕಚ್ಚಿದರೆ ಮೀಸೆಗೆ. ಮೊದಲು ಕ್ರೀಮು ನೆಕ್ಕಿ ಮುಗಿಸುವ ಮಕ್ಕಳ ಕ್ರಮ ಪ್ರಾಮಾಣಿಕವಾದದ್ದು, ಆದರೆ ಸೊಸೈಟಿಯ ಸೆಕ್ರೆಟರಿಗೆ ಶೋಭಿಸುವುದಿಲ್ಲ. ಕೆಳಗಿನ ಅರ್ಧವನ್ನು ಮುರಿದು ಮೇಲಿಟ್ಟು ಸ್ಯಾಂಡ್‌ವಿಚ್ ಮಾಡಿಕೊಳ್ಳುವುದು ಜಾಣರ ಉಪಾಯ. ನಮ್ಮ ಮೊಟ್ಟೆಯಿಲ್ಲದ ಕೇಕು ಮುರಿದರೆ ಅರ್ಧ ಅಂಗೈಯಲ್ಲಿ, ಅರ್ಧ ಅಂಗಿಯಲ್ಲಿ. ನಮ್ಮ ಕಟ್ಟಡದ ನಿವೃತ್ತ ಮೇಷ್ಟ್ರೊಬ್ಬರು ಚಮಚ ತರಿಸಿ, ಬಟ್ಟಲಿನ ಕಾಗದ ಬಿಚ್ಚದೆ, ಐಸ್‌ಕ್ರೀಮು ತಿಂದ ಹಾಗೆ ತಿಂದು ಮುಗಿಸಿದರು. ಕೊನೆಗೆ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಏಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸಂಜೆಯ ಗಿರಾಕಿಗಳಲ್ಲಿ ಒಬ್ಬ ಆಜಿ, ಅಂದರೆ ಮರಾಠಿ ಅಜ್ಜಿ, ಬರುತ್ತಾರೆ. ಇಲ್ಲಿನ ಆಗರಿ ಸಮುದಾಯದ ರೀತಿಯಲ್ಲಿ ಮೊಣಕಾಲಿಗೆ ಸೀರೆ ಕಟ್ಟಿದವರು, ಕಾಮೋಠೆ ಹಳ್ಳಿಯವರು. ಸಿಡ್ಕೋ 1970ರಲ್ಲಿ ಹುಟ್ಟುವ ಮೊದಲು ಇಲ್ಲಿ ಭತ್ತದ ಗದ್ದೆ, ಉಪ್ಪಿನಗದ್ದೆ, ಖಾಡಿಯೆಂಬ ಕಡಲ ಹಿನ್ನೀರಿನ ಮೀನು. ಭೂಮಿ ಹೋದವರ ಹೋರಾಟ ದಿ. ಬಾ. ಪಾಟೀಲರ ಮುಂದಾಳತನದಲ್ಲಿ ನಡೆದು, 1984ರ ಜನವರಿಯಲ್ಲಿ ಉರಣ ತಾಲೂಕಿನಲ್ಲಿ ಗೋಲಿಬಾರಾಗಿ ಐವರು ಸತ್ತರು. ಆಮೇಲೆ ಬಂದದ್ದು ಸಾಡೇಬಾರಾ ಟಕ್ಕೆ: ಕೊಟ್ಟ ಭೂಮಿಯ ನೂರಕ್ಕೆ ಹನ್ನೆರಡೂವರೆಯಷ್ಟು ಅಭಿವೃದ್ಧಿಪಡಿಸಿದ ನಿವೇಶನ ವಾಪಸು. ಕಾಮೋಠೆಯ ನಮ್ಮ ಪುಟ್ಟಪುಟ್ಟ ಕಟ್ಟಡಗಳಲ್ಲಿ ಬಹಳಷ್ಟು ಎದ್ದಿರುವುದು ಅಂಥ ನಿವೇಶನಗಳ ಮೇಲೆಯೇ. ಬೇಕರಿಯ ಮಳಿಗೆಯೂ ಅಂಥದ್ದೊಂದರಲ್ಲಿದೆ. ಆಜಿ ಕೌಂಟರಿಗೆ ಬಂದರೆ ಯಜಮಾನರು ಎದ್ದು ನಿಲ್ಲುತ್ತಾರೆ. ಗೌರವ ಎಷ್ಟು, ಬಾಡಿಗೆಯ ಭಯ ಎಷ್ಟು ಎಂದು ಬಿಡಿಸಿ ಹೇಳಲಾರೆ. ಕಪ್‌ಕೇಕು ತೋರಿಸಿದರೆ ಆಜಿ ಬೇಡವೆಂದು ಕೈಯಲ್ಲಾಡಿಸಿಬಿಡುತ್ತಾರೆ. ಅವರಿಗೆ ಬೇಕಾದದ್ದು ಚಹಕ್ಕೆ ಅದ್ದಲು ಬರುವ ಖಾರಿ ಬಿಸ್ಕತ್ತು. ಹನ್ನೆರಡೂವರೆ ಟಕ್ಕೆಯ ಒಡತಿಗೆ ಕಿರೀಟದ ಹಂಗೇಕೆ?

ಬಾಡಿಗೆಯ ಭಯ ಈಗ ಎಲ್ಲರಿಗೂ ಇದೆ. ಖಾಡಿಯ ಆಚೆ ನವಿ ಮುಂಬಯಿ ವಿಮಾನ ನಿಲ್ದಾಣ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ಡಿಸೆಂಬರಿನಿಂದ ವಿಮಾನಗಳು ಹಾರುತ್ತಿವೆ. ದಲ್ಲಾಳಿಗಳು ನಮ್ಮ ಗ್ಯಾಲರಿಯಿಂದ ಕಾಣುವ ಆಕಾಶಕ್ಕೂ ದರ ಹೇಳತೊಡಗಿದ್ದಾರೆ. ಮುಖ್ಯರಸ್ತೆಯಲ್ಲಿ ಬೂದುಬಣ್ಣದ ಗೋಡೆಯ, ಬೆಲೆಪಟ್ಟಿಯಲ್ಲಿ ರೂಪಾಯಿ ಚಿಹ್ನೆಯೇ ಇಲ್ಲದ ಕೇಕಿನ ಅಂಗಡಿಗಳು ಬಂದಿವೆ. ಅಲ್ಲಿ ಎಸಿಯಲ್ಲಿ ಕೂರಬಹುದು, ಕಪ್‌ಕೇಕಿನ ಒಳಗೆ ಏನೋ ಒಂದು ಹರಿಯುತ್ತದೆ, ಬಿಲ್ಲು ನೋಡಿದರೆ ನಮ್ಮ ಕಣ್ಣಲ್ಲೂ ಹರಿಯುತ್ತದೆ. ನಮ್ಮ ಬೇಕರಿಯವರೂ ಬೆಂಚು ಹಾಕಬೇಕೆ ಎಂದು ಯೋಚಿಸುತ್ತಿದ್ದಾರೆ. ಹಾಕಿದರೆ ಎದ್ದು ಹೋಗದ ನನ್ನಂಥವರು ಹೆಚ್ಚಾಗುತ್ತಾರೆ ಎಂದು ಸುಮ್ಮನಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ರುಚಿ ಹೇಗೆ ಎಂದು ನೀವು ಕೇಳುತ್ತೀರಿ. ಕ್ರೀಮು ಚೆನ್ನಾಗಿಲ್ಲ. ಬೆಣ್ಣೆಯ ಕ್ರೀಮು ಇಲ್ಲಿನ ಮೇ ತಿಂಗಳಿನಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ತಾಳೆಎಣ್ಣೆಯ ಜಾತಿಗೆ ಸೇರಿದ ಡಬ್ಬಿಯ ಕ್ರೀಮನ್ನು ಬಡಿದು ಏರಿಸುತ್ತಾರೆ. ಅದು ಕರಗದೆ ಅಂಗುಳಿಗೆ ಮೇಣ ಸವರುತ್ತದೆ. ಈ ಊರಿನ ಬಹುತೇಕ ಬೇಕರಿಗಳ ಪಾಡೂ ಇದೇ. ಅದರ ಕೆಳಗಿನ ಕೇಕು ಮಾತ್ರ ಒಳ್ಳೆಯದು: ಮೊಸರಿನ ಸಣ್ಣ ಹುಳಿ, ಏಲಕ್ಕಿ, ಅಂಚಿನಲ್ಲಿ ತುಸು ಗರಿಗರಿ. ಹಾಸನದ ಮಾಸ್ಟರು ಅಮೆರಿಕವನ್ನು ಮರೆತು ಮಾಡಿದ ಭಾಗ ಅದು. ಕಾಮೋಠೆಗೆ ಬಂದರೆ ಮಧ್ಯಾಹ್ನ ನಾಲ್ಕಕ್ಕೆ ಹೋಗಿ. ಎರಡನೇ ಟ್ರೇ ಆಗ ಹೊರಗೆ ಬರುತ್ತದೆ, ಕ್ರೀಮು ಹಚ್ಚುವ ಹುಡುಗ ಐದರವರೆಗೆ ಮಲಗಿರುತ್ತಾನೆ. ಬೋಳು ಕಪ್‌ಕೇಕು ಗಾಜಿನ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಬೆಲೆಪಟ್ಟಿಯಲ್ಲೂ ಇಲ್ಲ. ಕನ್ನಡದಲ್ಲಿ ಕೇಳಿ, ಒಳಗಿನಿಂದ ತಂದುಕೊಡುತ್ತಾರೆ. ದುಡ್ಡು ಹತ್ತು ರೂಪಾಯಿ ಕಡಿಮೆ.